ಗೋಡೆ ಕೇಳಿಕೊಂಡು ಬಂದವರು

ಅವರ ವಿಷಯ ನಾನು ಮೊದಲು ಕೇಳಿದ್ದು ಇಸ್ತ್ರಿಯವನ ಬಾಯಲ್ಲಿ. ನಮ್ಮ ಯಜಮಾನರು ತೀರಿಕೊಂಡು ವರ್ಷ ತುಂಬಿತ್ತು. ಮಡಿಸಿದ ಸೀರೆ ಕೈಗೆ ಕೊಡುತ್ತಾ ಅವನು ಕಿಸಕ್ಕನೆ ನಕ್ಕ.

"ಅಕ್ಕಾ, ಎಲ್ಲರೂ ಮನೆ ಬಾಡಿಗೆಗೆ ಕೇಳ್ತಾರೆ. ಇಲ್ಲೊಬ್ಬರು ಗೋಡೆ ಬಾಡಿಗೆಗೆ ಕೇಳ್ಕೊಂಡು ಬೀದಿ ಬೀದಿ ತಿರುಗ್ತಿದಾರೆ."

"ಗೋಡೆ ತಗೊಂಡು ಏನು ಮಾಡ್ತಾರಂತೆ, ತಲೆ ಚಚ್ಕೊಳ್ಳೋಕಾ?"

"ಗುಲಾಬಿ ಹಬ್ಬಿಸೋಕಂತೆ. ಬಿಸಿಲು ಬೀಳೋ ಗೋಡೆನೇ ಆಗ್ಬೇಕಂತೆ. ನಿಮ್ಮ ಹಿತ್ತಲಿಗೆ ಕಳಿಸ್ಲಾ?"

"ನಿನಗೆ ಬೇರೆ ಕೆಲಸ ಇಲ್ವಾ, ಹೋಗು," ಎಂದೆ. ಅವನು ಕಳಿಸಿಯೇಬಿಟ್ಟ.

ಮಾರನೆಯ ದಿನ ಬಾಗಿಲಲ್ಲಿ ನಿಂತಿದ್ದರು. ಒಣಕಲು ಆಳು, ಹೆಗಲ ಮೇಲೆ ಬೆತ್ತದ ಸಿಂಬಿ. ಹರಿದ ಕುರ್ಚಿಗಳಿಗೆ ಬೆತ್ತ ಹೆಣೆಯುವುದು ಅವರ ಕಸುಬು. ಒಳಗೆ ಕರೆದು ಕುರ್ಚಿ ಕೊಟ್ಟರೆ, ಕೂರುವ ಮೊದಲು ಅದರ ಬೆನ್ನಿನ ಹೆಣಿಗೆಯನ್ನು ಬೆರಳಿಂದ ಒತ್ತಿ ನೋಡಿದರು. ಆಮೇಲೆ ಕೂತರು.

ಅವರಿಗೆ ಹೆಂಡತಿ ಮಕ್ಕಳು ಇರಲಿಲ್ಲ. ಯಾರದೋ ಮನೆಯಲ್ಲಿ ಕುರ್ಚಿ ಹೆಣೆಯುತ್ತಿದ್ದಾಗ ಕಡಿದು ಎಸೆದಿದ್ದ ಬಳ್ಳಿಗುಲಾಬಿಯ ಕಡ್ಡಿಯೊಂದನ್ನು ಎತ್ತಿಕೊಂಡು ಬಂದು ಖಾಲಿ ಪೇಂಟ್ ಡಬ್ಬಿಯಲ್ಲಿ ನೆಟ್ಟಿದ್ದರಂತೆ. ಅದು ರಾಕ್ಷಸನ ಹಾಗೆ ಬೆಳೆಯುವ ಜಾತಿ. ರೂಮು ಬದಲಾಯಿಸಿದಾಗಲೆಲ್ಲ ಮೊಣಕಾಲುದ್ದಕ್ಕೆ ಕಡಿದು ಹೊತ್ತುಕೊಂಡು ಹೋಗಿದ್ದರು. ಈಗ ಅದು ಮಹಡಿಯ ಮೆಟ್ಟಿಲಲ್ಲಿತ್ತು. ಹತ್ತಿ ಇಳಿಯುವವರ ಬಟ್ಟೆಗೆಲ್ಲ ಮುಳ್ಳು ಸಿಕ್ಕಿಕೊಂಡು ಜಗಳವಾಗಿತ್ತು.

"ಗಿಡ ಹೋಗ್ಬೇಕು, ಇಲ್ಲ ನೀವು ಹೋಗ್ಬೇಕು ಅಂದ್ಬಿಟ್ರು ಮನೆ ಓನರು. ಇನ್ನೊಂದು ಸಲ ಅದನ್ನ ಕಡಿಯೋಕೆ ನನ್ನ ಕೈಲಾಗಲ್ಲ, ಅಕ್ಕಾವ್ರೇ. ನೆಲ ಬೇಕು ಅದಕ್ಕೆ."

ಹಿತ್ತಲು ತೋರಿಸಿದೆ. ನಮ್ಮದೇನು ದೊಡ್ಡ ತೋಟವಲ್ಲ. ಒಂದು ಒಗೆಯುವ ಕಲ್ಲು, ಒಂದು ನಲ್ಲಿ, ಬಟ್ಟೆ ಒಣಹಾಕುವ ತಂತಿ. ನಲ್ಲಿಯ ಹತ್ತಿರ ನೀರು ನಿಂತು ಬೇರು ಕೊಳೆಯುತ್ತದೆ ಎಂದರು. ಬಾಗಿಲ ಪಕ್ಕ ಓಡಾಡುವವರಿಗೆ ಮುಳ್ಳು ತಾಗುತ್ತದೆ ಎಂದರು. ಬಿಸಿಲು ಬೀಳುವ ಗೋಡೆ ಒಂದೇ ಒಂದು, ಅಡುಗೆಮನೆ ಕಿಟಕಿಯ ಪಕ್ಕದ್ದು. ಅಲ್ಲಿ ಯಜಮಾನರ ಸೈಕಲ್ಲು ಒರಗಿ ನಿಂತಿತ್ತು. ಅವರು ನಿಲ್ಲಿಸಿ ಹೋದ ಹಾಗೇ ಇತ್ತು.

ಬೆತ್ತದವರು ಸೈಕಲ್ಲು ನೋಡಿದರು, ನನ್ನ ಮುಖ ನೋಡಿದರು, ಸಿಂಬಿ ಹೆಗಲಿಗೇರಿಸಿದರು. "ಬರ್ತೀನಿ ಅಕ್ಕಾವ್ರೇ, ಬೇರೆ ಕಡೆ ನೋಡ್ತೀನಿ."

ಆಮೇಲೆ ನಾನು ಪಾತ್ರೆ ತೊಳೆಯುವಾಗಲೆಲ್ಲ ಆ ಸೈಕಲ್ಲೇ ಕಣ್ಣಿಗೆ ಬೀಳುತ್ತಿತ್ತು. ಚಕ್ರದ ಗಾಳಿ ಇಳಿದು ನೆಲಕ್ಕೆ ಅಂಟಿಕೊಂಡಿತ್ತು. ಸೀಟಿನ ಅಡಿಯಲ್ಲಿ ಜೇಡ ಸಂಸಾರ ಹೂಡಿತ್ತು. ಮನೆಯಲ್ಲಿ ಮಾತಿಗೆ ಯಾರೂ ಇಲ್ಲದೆ ನನ್ನ ನಾಲಿಗೆಗೂ ಅದರ ಚೈನಿನ ಹಾಗೆ ತುಕ್ಕು ಹಿಡಿದಿತ್ತು ಅನ್ನಿ. ಒಂದು ದಿನ ಇಸ್ತ್ರಿಯವನನ್ನು ಕರೆದು, "ಈ ಸೈಕಲ್ಲು ನೀನು ಇಟ್ಕೋ. ಗೋಡೆಯಣ್ಣನಿಗೆ ಗಿಡ ತರೋಕೆ ಹೇಳು," ಎಂದೆ. ಅವನು ಸೈಕಲ್ಲು ತಳ್ಳಿಕೊಂಡು ಹೋಗುವಾಗ ನಾನು ಒಳಗೇ ಇದ್ದೆ.

ಗಿಡ ಬಂತು. ಗೋಡೆಯಣ್ಣ ಮರದ ಪಟ್ಟಿಗಳನ್ನು ಅಡ್ಡಉದ್ದ ಹೊಡೆದು ಗೋಡೆಗೆ ಒಂದು ಚೌಕಟ್ಟು ನಿಲ್ಲಿಸಿದರು. ಭಾನುವಾರ ಭಾನುವಾರ ಬಂದು ಹೊಸ ಚಿಗುರನ್ನು ಪಟ್ಟಿಯ ಸಂದಿಯಲ್ಲಿ ತೂರಿಸಿ, ಹಿಂದಿನಿಂದ ಎಳೆದು, ಮುಂದಕ್ಕೆ ತಂದು ಮತ್ತೆ ತೂರಿಸುತ್ತಿದ್ದರು. ಪಕ್ಕದ ಮನೆಯ ಟೈಲರಮ್ಮ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ಕೂಗಿದಳು:

"ಏನಣ್ಣಾ, ಗೋಡೆಗೆ ಕುರ್ಚಿ ಹೆಣೀತಿದೀರಾ? ಯಾರು ಕೂರೋದು?"

"ನೀನೇ ಬಾಮ್ಮ, ಮುಳ್ಳಿಗೆ ಅಭ್ಯಂತರ ಇಲ್ಲ."

ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನೂ ನಕ್ಕೆ. ಆ ಹಿತ್ತಲಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತೋ.

ಅವರು ಹೋದ ಮೇಲೆ ಮುಂದಿನ ಭಾನುವಾರದವರೆಗೆ ಮತ್ತೆ ಅದೇ ಮೌನ. ಅವರೂ ನಾನೂ ಕಾಫಿ ಕುಡಿದ ಎರಡು ಲೋಟ ತೊಳೆದಿಟ್ಟರೆ ಆ ದಿನ ಮುಗಿಯಿತು. ನಾವಿಬ್ಬರೂ ಸುಖದುಃಖ ಹೇಳಿಕೊಂಡವರೇನಲ್ಲ. ಅವರು ಹೆಣೆಯುತ್ತಿದ್ದರು, ನಾನು ಕಲ್ಲಿನ ಮೇಲೆ ಕೂತು ನೋಡುತ್ತಿದ್ದೆ.

ಹೂವು ಬಂತು ನೋಡಿ, ಗೋಡೆಯೇ ಕಾಣದಷ್ಟು. ಆದರೆ ಕೊಂಬೆಗಳೂ ದಪ್ಪವಾದವು. ಸಂದಿಯಲ್ಲಿ ಸಿಕ್ಕಿಕೊಂಡ ಕೊಂಬೆ ಊದಿ ಊದಿ ಪಟ್ಟಿಗಳನ್ನೇ ಸೀಳಿತು. ಒಂದು ದಿನ ಗಾಳಿಗೆ ಮೊಳೆಗಳೆಲ್ಲ ಕಿತ್ತುಬಂದು ಚೌಕಟ್ಟು ಗಿಡದ ಸಮೇತ ನಲ್ಲಿಯ ಮೇಲೆ ವಾಲಿತು. ಗೋಡೆಯಣ್ಣ ಓಡಿ ಬಂದರು. ಬಿಡಿಸೋಣವೆಂದರೆ ಎಲ್ಲಿ ಎಳೆದರೂ ಬರುವುದಿಲ್ಲ.

"ಹೊರಗಿಂದ ದಾರದಲ್ಲಿ ಕಟ್ಬೇಕಿತ್ತು, ಅಷ್ಟೆ," ಎಂದರು ಮೆಲ್ಲಗೆ. "ನನ್ನ ಕೈಗೆ ಹೆಣೆಯೋದು ಬಿಟ್ಟು ಇನ್ನೇನೂ ಬರಲ್ಲ ನೋಡಿ. ಬೆತ್ತ ಹೆಣೆದ ಮೇಲೆ ದಪ್ಪ ಆಗಲ್ಲ. ಇದು ಆಗುತ್ತೆ ಅಂತ ಹೊಳೀಲೇ ಇಲ್ಲ."

"ಕೊಂಬೆ ಕಡೀರಿ, ಮತ್ತೆ ಚಿಗುರುತ್ತೆ," ಎಂದೆ.

ಆಗಲ್ಲ ಎಂದು ತಲೆಯಾಡಿಸಿದರು. ಸಣ್ಣ ಗರಗಸ ತಂದು ಕೂತು ಪಟ್ಟಿಗಳನ್ನು ಒಂದೊಂದಾಗಿ ಕೊಯ್ದು ತೆಗೆದರು, ಗಿಡಕ್ಕೆ ಒಂದು ಗೀರೂ ಬೀಳದ ಹಾಗೆ. ಕೈ ತುಂಬ ರಕ್ತ. ನಾನು ಹರಿದ ಸೀರೆಯ ಅಂಚು ಸೀಳಿ ಕೊಟ್ಟೆ. ಕೈಗೆ ಸುತ್ತಿಕೊಳ್ಳಲೆಂದು ಕೊಟ್ಟರೆ, ಅದರಲ್ಲೂ ಕೊಂಬೆಯನ್ನೇ ಗೋಡೆಗೆ ಹೊಡೆದ ಹೊಸ ಮೊಳೆಗೆ ಕಟ್ಟಿದರು.

ಮಾರನೆಯ ವರ್ಷ ಅವರಿಗೆ ಉಸಿರಿನ ತೊಂದರೆ ಜೋರಾಯಿತು. ಮಹಡಿ ಇಳಿಯುವುದೇ ಕಷ್ಟವಾಯಿತು. ಭಾನುವಾರಗಳು ತಪ್ಪಿದವು. ಕೊನೆಗೆ ಆಸ್ಪತ್ರೆ ಸೇರಿದರು. ಇತ್ತ ಗಿಡಕ್ಕೆ ಹೇಳುವವರು ಕೇಳುವವರಿಲ್ಲ. ಬಟ್ಟೆಯ ತಂತಿ ಹಿಡಿಯಿತು, ಸೂರಿಗೆ ಏರಿತು, ಕಿಟಕಿಯ ಮೇಲೆ ಪರದೆಯ ಹಾಗೆ ಇಳಿಬಿತ್ತು. ಕಡಿಸು ಎಂದು ಕಂಡವರೆಲ್ಲ ಹೇಳಿದರು. ಅವರು ಬರುತ್ತಾರೆ, ಬಂದು ಕಟ್ಟುತ್ತಾರೆ ಎನ್ನುತ್ತಿದ್ದೆ ನಾನು.

ಟೈಲರಮ್ಮನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಮೂಲೆಯ ಮಂಚದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಪಕ್ಕದ ಸ್ಟೂಲಿನ ಮೇಲೆ ಯಾರೂ ಕೂತ ಗುರುತಿಲ್ಲ. ನಮ್ಮನ್ನು ಕಂಡು ಏಳಲು ನೋಡಿದರು, ಆಗಲಿಲ್ಲ.

"ಜಾಗ ಸಾಕಾಗ್ತಿದೆಯಾ ಅದಕ್ಕೆ?" ಎಂದರು.

"ಸಾಕಾಗ್ತಿದೆ," ಎಂದೆ.

ಟೈಲರಮ್ಮನ ಬಾಯಿ ನಿಲ್ಲಬೇಕಲ್ಲ. "ಅದಕ್ಕೆ ಸಾಕು ಅಣ್ಣಾ, ಇವರಿಗೇ ಇಲ್ಲ. ಕಿಟಕಿ ಪೂರ್ತಿ ಮುಚ್ಚಿಬಿಟ್ಟಿದೆ. ಹಾಡಹಗಲೇ ಲೈಟ್ ಹಾಕ್ಕೊಂಡು ಅಡುಗೆ ಮಾಡ್ತಾರೆ. ಕತ್ತರಿ ಕೈಗೆ ಕೊಟ್ರೂ ಮುಟ್ಟಲ್ಲ."

ಅವಳ ಕೈ ಚಿವುಟಿದೆ. ಅವರು ನನ್ನನ್ನೇ ನೋಡಿದರು.

"ಯಾಕೆ ಕಡೀಲಿಲ್ಲ ಅಕ್ಕಾವ್ರೇ?"

"ನೀವು ಬರ್ತೀರಲ್ಲ ಅಂತ."

ಕಷ್ಟಪಟ್ಟು ಉಸಿರು ಎಳೆದುಕೊಂಡರು. ಆಮೇಲೆ ಹೇಳಿದರು:

"ಕಿಟಕಿ ಮೇಲಿರೋದನ್ನ ಕಡೀರಿ. ಬೇರೆಯವರ ಕೈಗೆ ಕೊಡ್ಬೇಡಿ, ನೀವೇ ಕಡೀರಿ. ನಾಳೆ ಬೆಳಿಗ್ಗೆ ಎದ್ದ ತಕ್ಷಣ. ಇದೊಂದು ಮಾಡಿ ನನಗೋಸ್ಕರ."