ಹುಳ ಇದ್ದಾಗ ಮಾತ್ರ ನಿಲ್ಲೋ ಗಾಡಿ

ನನ್ನ ಹಳೇ ಪಿಕಪ್ಪಿಗೆ ಉಗಿದಷ್ಟು ಈ ಜನ್ಮದಲ್ಲಿ ನಾನು ಯಾರಿಗೂ ಉಗಿದಿಲ್ಲ. ಖಾಲಿ ಇದ್ದಾಗ ಚೆನ್ನಾಗೇ ಓಡೋದು. ಚಾಕಿ ಹುಳ ತುಂಬಿಕೊಂಡು ರಾಮನಗರ ಬಿಟ್ಟು ಕನಕಪುರದ ದಾರೀಲಿ ಅರ್ಧ ಗಂಟೆ ಹೋದರೆ ಸಾಕು, ಏರು ಬಂದ ಕೂಡಲೇ ಎಷ್ಟು ತುಳಿದರೂ ಎಳೀತಿರಲಿಲ್ಲ. ಕೆಮ್ಮಿ ಕೆಮ್ಮಿ ನಿಂತುಬಿಡೋದು. ಕಾಲು ಗಂಟೆ ಬಿಟ್ಟರೆ ಏನೂ ಆಗಿಲ್ಲ ಅನ್ನೋ ಹಾಗೆ ಹೊರಡೋದು, ಮುಂದೆ ಮತ್ತೆ ಅದೇ ರಾಗ.

ಚಾಕಿ ಹುಳ ಅಂದ್ರೆ ಎರಡು ಸಲ ಪೊರೆ ಬಿಟ್ಟ ರೇಷ್ಮೆ ಮರಿ. ಸಾಕೋ ಕೇಂದ್ರದಿಂದ ಟ್ರೇಯಲ್ಲಿ ತಂದು ರೈತರ ಮನೆಗೆ ಮುಟ್ಟಿಸೋದೇ ನನ್ನ ಕೆಲಸ. ಶೆಕೆ ತಡೆಯೋ ಜೀವ ಅಲ್ಲ ಅದು, ಬಿಸಿಲೇರೋದರೊಳಗೆ ಇಳಿಸಿಬಿಡಬೇಕು.

ಕನಕಪುರದಾಚೆ ಒಂದು ಹಳ್ಳೀಲಿ ಒಬ್ಬರು ಅಕ್ಕ. ಒಡಹುಟ್ಟಿದವರಲ್ಲ, ಎಂಟು ವರ್ಷ ಅವರ ಮನೆಗೆ ಹುಳ ಇಳಿಸಿ, ಅವರ ಕೈಯ ತಿಂಡಿ ತಿಂದು ಅಕ್ಕ ಆದವರು. ನಾನು ಈ ಕೆಲಸಕ್ಕಿಳಿದಾಗ ಮೊದಲು ನಂಬಿದ್ದೂ ಅವರೇ. ಅವರು ಹೇಳಿದ್ರು ಅಂತ ಆ ಬೀದಿಯವರೆಲ್ಲ ನನ್ನ ಗಾಡಿಗೇ ಕಾಯೋರು. ಅವರ ನಂಬಿಕೆ ಹೋದರೆ ನನ್ನ ಅನ್ನ ಹೋದ ಹಾಗೆ.

ಹೋದ ವರ್ಷ ಟ್ರೇ ಇಳಿಸಿಕೊಳ್ಳುವಾಗ ಅವರು ಒಂದು ಮಾತು ಅಂದರು: ಡೀಸೆಲ್ ವಾಸನೆ ಹುಳಕ್ಕೆ ಒಳ್ಳೇದಲ್ಲ, ಒಸಿ ನೋಡಪ್ಪ ಅಂತ. ಟ್ಯಾಂಕಿನ ಮುಚ್ಚಳದಿಂದ ಚೂರು ಚೆಲ್ಲುತ್ತಿದ್ದದ್ದು ನಿಜ. ಅವತ್ತಿಂದ ಹುಳ ತುಂಬೋ ದಿನ ಮುಚ್ಚಳಕ್ಕೆ ದಪ್ಪ ಪ್ಲಾಸ್ಟಿಕ್ ಹೊದಿಸಿ, ಮೇಲೆ ಸೈಕಲ್ ಟ್ಯೂಬ್ ಸುತ್ತಿ ಬಿಗಿಯಾಗಿ ಕಟ್ಟುತ್ತಿದ್ದೆ. ಹುಳ ಇಳಿಸಿದ ಮೇಲೆ ಬಿಚ್ಚಿ, ಟ್ರೇಗಳ ಜೊತೆಗೆ ತೊಳೆದು ಒಣಗಿಹಾಕೋದು. ನನ್ನ ಮಟ್ಟಿಗೆ ಅದು ಗಾಡಿಯ ಕೆಲಸವೇ ಅಲ್ಲ, ಹುಳದ ಮಡಿ.

ಚನ್ನಪಟ್ಟಣದ ಮೆಕ್ಯಾನಿಕ್ ಭಾಯ್ ಹತ್ತಿರ ಐದು ಸಲ ಹೋದೆ. ಫಿಲ್ಟರ್ ಬದಲಾಯಿಸಿದರು, ಪೈಪು ಊದಿದರು, ಪಂಪು ಬಿಚ್ಚಿ ಕಟ್ಟಿದರು. ದೊಡ್ಡಮಳೂರು ದಾಟೋ ತನಕ ಓಡಿಸಿ ನೋಡಿ, ಏನೂ ಇಲ್ವಲ್ಲ ಅಂದರು. ಒಂದು ಸಲ ಹುಳ ಇಟ್ಟುಕೊಂಡೇ ಬನ್ನಿ ಅಂತ ಪ್ರತಿ ಸಲವೂ ಕೇಳೋರು. ಆ ಎಣ್ಣೆ ಹೊಗೇಲಿ ಹುಳ ತಂದು ನಿಲ್ಲಿಸೋಕಾಗುತ್ತಾ? ಕೆಲಸ ಬರದಿದ್ದರೆ ಬಾಗಿಲು ಹಾಕಿಕೊಳ್ಳಿ ಅಂತ ಬಾಯಿಗೆ ಬಂದಂಗೆ ಅಂದು ಬಂದೆ. 

ಈ ಬೇಸಿಗೇಲಿ ಅಕ್ಕನ ಹುಳ ಹೊತ್ತ ದಿನ ಗಾಡಿ ನಾಲ್ಕು ಕಡೆ ನಿಂತಿತು. ಒದ್ದೆ ಗೋಣಿ ಹೊದಿಸಿದೆ, ಕುಡಿಯೋ ನೀರನ್ನೂ ಅದಕ್ಕೇ ಚಿಮುಕಿಸಿದೆ. ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ. ಅಕ್ಕ ಸೊಪ್ಪು ಕತ್ತರಿಸಿಟ್ಟು ಬಾಗಿಲಲ್ಲೇ ನಿಂತಿದ್ದರು. ಹುಳ ಸೊಪ್ಪಿಗೆ ಬಾಯೇ ಹಾಕಲಿಲ್ಲ. ಮೂರನೇ ದಿನ ಅಷ್ಟನ್ನೂ ಮಣ್ಣು ಮಾಡಬೇಕಾಯಿತು, ಗುಂಡಿ ನಾನೇ ತೋಡಿದೆ. ಅಕ್ಕ ನನಗೆ ಉಗಿಯಲೂ ಇಲ್ಲ. ಮುಂದಿನ ಬೆಳೆಗೆ ಬೇರೆ ಗಾಡಿಗೆ ಹೇಳಿದರು. ಬೀದಿಯವರೂ ಹೇಳಿದರು.

ಉಳಿದದ್ದು ಮಾಗಡಿ ಕಡೆಯ ಒಂದೇ ಮನೆ. ಅಲ್ಲಿಗೆ ಹೋಗುವಾಗಲೂ ದಾರೀಲಿ ನಿಂತಿತು. ನಾಚಿಕೆ ಬಿಟ್ಟು ಭಾಯ್‌ಗೇ ಫೋನ್ ಮಾಡಿದೆ. ಬೈಕಲ್ಲಿ ಬಂದರು, ಬಾನೆಟ್ ಕಡೆ ತಿರುಗಿಯೂ ನೋಡಲಿಲ್ಲ. ಟ್ಯಾಂಕಿನ ಹತ್ತಿರ ಬಗ್ಗಿ, ಇದೇನಿದು ಅಂತ ಟ್ಯೂಬ್ ಕೊಯ್ದು ಮುಚ್ಚಳ ತಿರುಗಿಸಿದರು. ಉಸ್ಸ್ ಅಂತ ಟ್ಯಾಂಕು ಗಾಳಿ ಎಳೆದುಕೊಂಡಿತು. ಡೀಸೆಲ್ ಖಾಲಿಯಾದಷ್ಟೂ ಗಾಳಿ ಒಳಗೆ ಹೋಗಬೇಕಂತೆ, ಅದಕ್ಕೇ ಮುಚ್ಚಳದಲ್ಲಿ ಸಣ್ಣ ತೂತು ಇರೋದಂತೆ. ನಾನು ಅದನ್ನೇ ಮುಚ್ಚಿದ್ದೆ. ಗ್ಯಾರೇಜಿಗೆ ಹೋಗಿದ್ದೆಲ್ಲ ಹುಳ ಇಳಿಸಿ, ಅದನ್ನ ಬಿಚ್ಚಿದ ಮೇಲೇ.

"ಇದು ಕಟ್ತೀನಿ ಅಂತ ಒಂದ್ ಸಲ ಆದ್ರೂ ಹೇಳಿದ್ರಾ ನಂಗೆ?" ಅಂದರು ಭಾಯ್. ಕೊಯ್ದ ಟ್ಯೂಬ್ ಎತ್ತಿ ಜೇಬಿಗೆ ಹಾಕಿಕೊಂಡೆ.

ಮಾರನೇ ವಾರ ಅಕ್ಕನಿಗೆ ಎಲ್ಲ ಹೇಳಿ, ಕೈಮುಗಿದಾದರೂ ಕೆಲಸ ಕೇಳೋಣ ಅಂತ ಹೋದೆ. ತೋರಿಸೋಕೆ ಅಂತ ಕೊಯ್ದ ಟ್ಯೂಬ್ ಜೇಬಲ್ಲೇ ಇತ್ತು. ಹೊಸ ಗಾಡಿ ಹುಳ ಇಳಿಸಿ ಆಗಷ್ಟೇ ಹೋಗಿತ್ತು. ಅಕ್ಕ ಕಾಫಿ ಕೊಟ್ಟು, ನಾನು ಬಾಯಿ ತೆಗೆಯೋದರೊಳಗೆ ಅವರೇ ಶುರು ಮಾಡಿದರು.

"ಈ ಗಾಡೀಲಿ ಡೀಸೆಲ್ ವಾಸ್ನೆ ಬತ್ತೈತೆ ಕಣಪ್ಪ. ಆದ್ರೂ ಹುಳ ಚೆನ್ನಾಗೇ ಮೇಯ್ತಾವೆ. ನೀನು ಮಾತ್ರ ನಾನು ಒಂದ್ಸಲ ಅಂದಿದ್ದಕ್ಕೆ ಆಮೇಲೆ ಯಾವತ್ತೂ ವಾಸ್ನೆ ಬರದಂಗೆ ತಂದೆ. ಅದನ್ನ ಮರೆಯಾಕಿಲ್ಲ ನಾನು."

ಹೇಳಿದರೆ ತನ್ನ ಮಾತಿಂದಲೇ ಹುಳ ಸತ್ತವು ಅಂದುಕೊಳ್ಳೋ ಜೀವ ಅದು. ಹೂಂ ಅಕ್ಕ ಅಂದು ಕಾಫಿ ಕುಡಿದು ಎದ್ದೆ. ವಾಪಸ್ ಬರುವಾಗ ಗಾಡಿ ಒಂದು ಏರಿನಲ್ಲೂ ನಿಲ್ಲಲಿಲ್ಲ.