ಹಸನು ಮಾಡಿದ ಗಾಲ್ಫ್ ನೆಲ

ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ನನ್ನದೊಂದು ಚಹಾದಂಗಡಿ ಇದೆ. ಅಲ್ಲಿನ ಟಿವಿಯಲ್ಲಿ ಗಾಲ್ಫ್ ಬಂತೆಂದರೆ ರಿಮೋಟು ನನ್ನ ಸೆರಗಿನ ಗಂಟು ಸೇರುತ್ತದೆ. ಮೂಟೆ ಹೊರುವ ಹಮಾಲರು ಕ್ರಿಕೆಟ್ ಹಾಕೆಂದು ಗೋಗರೆಯುತ್ತಾರೆ. "ಅಕ್ಕಾ, ಆ ಹುಲ್ಲಿನಾಗ ಏನ್ ನೋಡ್ತೀರಿ? ಎಮ್ಮಿ ಮೇಯಾಕ ಬಿಡೋರಿದ್ದೀರೇನು?" ಎಂದು ಕಾಡುತ್ತಾರೆ. ಕಾಡಲಿ. ಚಹಾ ಬೇಕಾದರೆ ಗಾಲ್ಫ್ ನೋಡಬೇಕು. ಅದರಲ್ಲೂ ಕಡಲ ದಂಡೆಯ ಮೈದಾನ ಬಂದರೆ ಎದೆ ಡವಡವ ಅನ್ನುತ್ತದೆ, ಹಾಲು ಉಕ್ಕಿ ಒಲೆ ಆರಿದರೂ ನನಗೆ ಗೊತ್ತಾಗುವುದಿಲ್ಲ. ಅಮೆರಿಕದಲ್ಲಿ ಬಂಡೆಯ ತುದಿಯಿಂದ ಸಮುದ್ರ ದಾಟಿಸಿ ಚೆಂಡು ಹೊಡೆಯುತ್ತಾರೆ. ಐರ್ಲೆಂಡಿನಲ್ಲಿ ಮರಳು ದಿಬ್ಬಗಳ ನಡುವೆ ಆಟಗಾರರು ತಲೆ ಕಾಣದಂತೆ ಮುಳುಗಿ ಏಳುತ್ತಾರೆ. ಮೈದಾನ ರೂಪಿಸುವ ಯಾವ ಆರ್ಕಿಟೆಕ್ಟ್ ಯಂತ್ರ ತಂದು ನೆಲ ಎಬ್ಬಿಸಿದ್ದಾನೆ, ಯಾವನು ಇದ್ದ ಏರುಪೇರನ್ನೇ ಉಳಿಸಿಕೊಂಡಿದ್ದಾನೆ ಎಂದು ಕೂತಲ್ಲಿಂದಲೇ ಹೇಳುತ್ತೇನೆ. ಇದು ಜಂಬವಲ್ಲ. ಅಂಥ ಒಂದು ಮೈದಾನಕ್ಕೆ ನಾನೇ ಮರಳು ಹೊತ್ತಿದ್ದೇನೆ.

ಆಗ ನಾನು ಹೊಸ ಸೊಸೆ. ತವರು ಭಾಲ್ಕಿ ತಾಲ್ಲೂಕಿನ ಹಲಬರ್ಗಾ, ಕೊಟ್ಟದ್ದು ಔರಾದ ಕಡೆಗೆ. ಎರಡು ವರ್ಷ ಸಾಲಾಗಿ ಮಳೆ ಕೈಕೊಟ್ಟು ಬಿತ್ತಿದ ತೊಗರಿ ಮೊಳಕೆಯಲ್ಲೇ ಒಣಗಿತು. ಊರಲ್ಲಿ ಮಾಡಲು ಕೆಲಸವೇ ಇಲ್ಲ. ಕೂಲಿಯವರನ್ನು ಕರೆದೊಯ್ಯುವ ಭಾಲ್ಕಿಯ ಒಬ್ಬ ಮುಕಾದಮ ನಮ್ಮ ಓಣಿಯ ಹನ್ನೆರಡು ಮನೆಯವರನ್ನು ಕೊಂಕಣದ ಕಡಲ ದಂಡೆಗೆ ಕರೆತಂದ. ಸಮುದ್ರ ನೋಡಿ ನಾನು ಹುಚ್ಚಿಯಂತೆ ಕುಣಿದೆ. ನಮ್ಮತ್ತೆ ಒಂದು ಬೊಗಸೆ ಬಾಯಿಗೆ ಹಾಕಿಕೊಂಡು ಥೂ ಎಂದು ಉಗುಳಿದಳು. "ಇಷ್ಟ ನೀರ ಕೊಟ್ಟು ಮ್ಯಾಲ ಉಪ್ಪ ಹಾಕ್ಯಾನಲ್ಲ ಶಿವ, ಅವನ ಬುದ್ಧಿಗೆ ಏನ್ ಹೇಳಲಿ?" ಹೆಂಗಸರ ಗುಂಪಿಗೆ ಅವಳೇ ಯಜಮಾನಿ, ಮಾತು ಕಡ್ಡಿ ಮುರಿದಂತೆ.

ಅಲ್ಲಿ ಚೆಂಡು ಬೀಳಿಸುವ ಹದಿನೆಂಟು ಕುಣಿಗಳ ಗಾಲ್ಫ್ ಮೈದಾನ ಆಗಬೇಕಿತ್ತು. ಮೊದಲ ಕುಣಿಯ ಸುತ್ತಲಿನ ನೆಲವನ್ನು, ನಾವು ಬರುವ ಮೊದಲೇ, ಸ್ಕಾಟ್ಲೆಂಡಿನ ಒಬ್ಬ ಆರ್ಕಿಟೆಕ್ಟ್ ಮುಂದೆ ನಿಂತು ಮಾಡಿಸಿ ಹೋಗಿದ್ದ. ನಮಗದು ಗೊತ್ತಿರಲಿಲ್ಲ. ಹನ್ನೊಂದು ದಿನ ನಾವು ಹೆಂಗಸರು ಆ ಮರಳಿನ ಉಬ್ಬುತಗ್ಗಿನ ಮೇಲೆ ಹಾದು ಆಚೆಯ ಗುಂಡಿಗೆ ಬುಟ್ಟಿ ಹೊತ್ತೆವು. ಶನಿವಾರ ಮುಕಾದಮ, "ಸೋಮವಾರ ದೊಡ್ಡ ಸಾಹೇಬ ಬರ್ತಾನ. ಜಾಗಾ ಸಾಫ್ ಇರಬೇಕ್ ನೋಡ್ರಿ" ಎಂದವನೇ ಪೇಟೆಗೆ ಹೋದ.

ಭಾನುವಾರ ರಜೆ. ಅತ್ತೆ ಸೊಂಟಕ್ಕೆ ಕೈಯಿಟ್ಟು ಆ ನೆಲ ನೋಡಿದಳು. "ಎಮ್ಮಿ ಹೊರಳಾಡಿ ಎದ್ದಂಗ ಅದ. ಯಂತ್ರದವರು ಅರ್ಧಾ ಬಿಟ್ಟು ಓಡ್ಯಾರ. ಇಂಥಾದ್ದ ತೋರಿಸಿ ನಮ್ಮ ಊರಿನ ಮಾನ ಕಳೀಬೇಕೇನು?" ನಮ್ಮ ಕಡೆ ನೆಲದ ಚೆಂದವೆಂದರೆ ಅದರ ಮಟ್ಟ. ರಾಶಿಗೆ ಮೊದಲು ಕಣ ಕೆತ್ತಿ, ನೀರು ಹೊಡೆದು, ಬಡಿದು, ಬಿದ್ದ ಜೋಳದ ಕಾಳು ಬಿದ್ದಲ್ಲೇ ಕೂರುವಂತೆ ಮಾಡುತ್ತೇವೆ. ಅತ್ತೆಯ ಮಾತಿಗೆ ಇಪ್ಪತ್ತು ಜನ ಸಲಿಕೆ ಹಿಡಿದೆವು. ಹಾಡಿದ್ದೇ ಹಾಡಿದ್ದು, ನಕ್ಕಿದ್ದೇ ನಕ್ಕಿದ್ದು. ಸಂಜೆಗೆ ನೆಲ ಅಂಗೈಯಂತಾಯಿತು. ಸಗಣಿ ಸಿಕ್ಕಿದ್ದರೆ ಸಾರಿಸಿಯೂ ಬಿಡುತ್ತಿದ್ದೆವು.

ಹೊತ್ತು ಮುಳುಗುವಾಗ ಮರಳಿದ ಮುಕಾದಮ ಅದನ್ನು ನೋಡಿ ಕುಸಿದು ಕೂತ. "ಸತ್ಯಾನಾಶ! ಆ ಉಬ್ಬು ಸಾಹೇಬ ಬೇಕಂತನೇ ಮಾಡಿಸಿದ್ದ. ಅದರ ಮ್ಯಾಲೇ ಆಟ ನಡೀತದ. ನಕ್ಷಾನೂ ಅವನ ಚೀಲದಾಗ ಅದ. ನಾಳಿ ಮಧ್ಯಾಹ್ನ ಇದನ್ನ ನೋಡಿದ್ರ ಎಲ್ಲಾರಿಗೂ ಬಸ್ ಹತ್ತಸ್ತಾನ!" ಅತ್ತೆ ಕೈಯಲ್ಲಿದ್ದ ಸಲಿಕೆ ಕೆಳಗಿಟ್ಟಳು. ಎಲ್ಲರ ಕೈಗೆ ಸಲಿಕೆ ಹಿಡಿಸಿದ್ದು ಅವಳ ಬಾಯಿ. ಹನ್ನೆರಡು ಮನೆಯವರು ವಾಪಸು ಹೋಗುವುದಾದರೂ ಎಲ್ಲಿಗೆ?

ಬೆಳಗಾಗುತ್ತಲೇ ಹೆಂಗಸರು ಬುಟ್ಟಿ ಕೈಯಲ್ಲಿ ಹಿಡಿದು ಉಬ್ಬು ಎಲ್ಲೆಲ್ಲಿತ್ತೆಂದು ತಡಕಾಡುತ್ತಿದ್ದರು. ಆ ಬುಟ್ಟಿ ನೋಡಿದಾಗ ನನಗೆ ಹೊಳೆಯಿತು. "ಅತ್ತೀ, ಕಣ್ಣಿಗೆ ನೆನಪಿಲ್ಲರಿ, ಕಾಲಿಗೆ ಅದ!" ತುಂಬಿದ ಬುಟ್ಟಿ ತಲೆಗೇರಿಸಿ, ಕಣ್ಣು ಮುಚ್ಚಿ, ಎಂದಿನ ದಾರಿ ನಡೆದೆ. "ಇಲ್ಲಿ ಮೊಣಕಾಲ ಏರ್ತಿತ್ತು... ಇಲ್ಲಿ ಉಸಿರ ಸಡಿಲ ಆಗ್ತಿತ್ತು..." ಅತ್ತೆ ಹಿಂದಿನಿಂದ ಕೋಲಿನಲ್ಲಿ ಗೆರೆ ಎಳೆಯುತ್ತ ಬಂದಳು. ಒಬ್ಬೊಬ್ಬರ ದಾರಿಯೂ ಬೇರೆ, ಆದ್ದರಿಂದ ಎಲ್ಲರೂ ನಡೆದರು. ದಾರಿಗಳು ಕೂಡಿದಲ್ಲಿ ಜಗಳ ಬಿತ್ತು: "ಗೇಣುದ್ದ ಇತ್ತು!" "ಅಲ್ಲಬೇ, ಮೊಣಕಾಲುದ್ದ!" ಗಂಡಸರು ಮರಳು ಸುರಿದರು, ನಾವು ಕಾಲಲ್ಲಿ ತುಳಿದು ನೋಡಿದೆವು. ನೆಲ ಒಂದೊಂದೇ ಉಬ್ಬಾಗಿ ಎದ್ದು ಬರುವಾಗ ನನಗೆ ಭಯವೇ ಮರೆತುಹೋಯಿತು. ಅಂಥ ಹುರುಪಿನ ಕೆಲಸ ಮತ್ತೆ ಮಾಡಿಲ್ಲ.

ಮಧ್ಯಾಹ್ನ ಆರ್ಕಿಟೆಕ್ಟ್ ಬಂದ. ಬಿಳಿ ಕೂದಲಿನ ಉದ್ದನೆಯ ಮನುಷ್ಯ. ಬೂಟು ಕಳಚಿ ಉಬ್ಬಿನ ಮೇಲೆ ನಡೆದು ಒಂದು ಚೆಂಡು ಉರುಳಿಸಿದ. ಅದು ಇಳಿಯಿತು, ಬಾಗಿತು, ಎಡಗಡೆಯ ಉಬ್ಬು ಏರಲಾರದೆ ತಿರುಗಿ ಅವನ ಕಾಲ ಬಳಿಯೇ ಬಂತು. ಇನ್ನೊಮ್ಮೆ ಉರುಳಿಸಿದ, ಮತ್ತೆ ಹಾಗೇ. ಹುಬ್ಬು ಗಂಟಿಕ್ಕಿ ಏನೋ ಕೇಳಿದ. ಮುಕಾದಮ ಬೆವರು ಒರೆಸಿಕೊಳ್ಳುತ್ತ ಎಲ್ಲ ಸರಿಯಿದೆಯೆಂದು ತಲೆಯಾಡಿಸಿದ.

ಅತ್ತೆಗೆ ತಡೆಯಲಾಗಲಿಲ್ಲ, ಮುಂದೆ ಬಂದಳು. "ಸುಳ್ಳ ಯಾಕ ಹೇಳ್ತಿ? ಸಾಹೇಬರ, ನೆಲ ಹಸನ ಮಾಡಿಸಿದಾಕಿ ನಾ. ಕಳಸೂದಿದ್ರ ನನ್ನೊಬ್ಬಾಕಿನ್ನ ಕಳಸ್ರಿ. ಉಳದವರನ್ನ ಇಟ್ಕೊಳ್ರಿ." ಮುಕಾದಮ ತೊದಲುತ್ತ ಇಂಗ್ಲಿಷಿನಲ್ಲಿ ಹೇಳಿದ. ಮತ್ತೆ ಹೇಗೆ ಕಟ್ಟಿದಿರೆಂದು ಸಾಹೇಬ ಕೇಳಿದಾಗ ನಾನು ಬುಟ್ಟಿ ಹೊತ್ತು, ಕಣ್ಣು ಮುಚ್ಚಿ ನಡೆದು ತೋರಿಸಿದೆ. ಆತ ಗಟ್ಟಿಯಾಗಿ ನಕ್ಕು ಬಹಳ ಹೊತ್ತು ಮಾತಾಡಿದ. ಮುಕಾದಮ ನಮಗೆ ತಿಳಿಸಿದ: "ಅವರ ದೇಶದ ದಂಡಿಮ್ಯಾಲಿನ ಹಳೇ ಮೈದಾನಗಳನ್ನ ಯಾರೂ ನಕ್ಷಾ ಹಾಕಿ ಮಾಡಿಲ್ಲಂತ. ಗಾಳಿ ಮರಳ ಒಟ್ಟಿತು. ಕುರಿ ಓಡಾಡಿ, ಗಾಳಿ ತಪ್ಪಿಸ್ಕೊಂಡು ಮಲಗಿ ತಗ್ಗ ಬಿದ್ದವು. ಇವರಂಥ ಆರ್ಕಿಟೆಕ್ಟ್ ಎಲ್ಲಾ ಆಮ್ಯಾಲ ಬಂದು ಅದನ್ನ ನೋಡಿ ಕಲತ್ರಂತ. ಅಲ್ಲಿ ಕುರಿ ಮಾಡಿದ್ದ ಇಲ್ಲಿ ನೀವು ಮಾಡೀರಿ ಅಂತಾನ."

ಅತ್ತೆ ಮೂಗು ಹಿಗ್ಗಿಸಿದಳು. "ನಮಗ ಕುರಿ ಅಂದನೇನ ಅಂವ?"

ಸಾಹೇಬ ಚೀಲದಿಂದ ನಕ್ಷೆ ತೆಗೆದು ಮರಳ ಮೇಲೆ ಹರಡಿದ. ಮುಕಾದಮ ಬಗ್ಗಿ ನೋಡಿ ತಲೆ ಹಿಡಿದುಕೊಂಡ. ಎಲ್ಲ ಸರಿಯಾಗಿತ್ತು, ಎಡಗಡೆಯ ಉಬ್ಬೊಂದು ಬಿಟ್ಟು. ಅದು ನಕ್ಷೆಯಲ್ಲಿದ್ದದ್ದಕ್ಕಿಂತ ಎರಡು ಮಾರು ಆಚೆ ಕೂತಿತ್ತು. ಅದು ನನ್ನ ದಾರಿಯ ಉಬ್ಬು. ಅತ್ತೆಯನ್ನು ಕಳಿಸುವಂತಾಯಿತಲ್ಲ ಎಂದು ಕಣ್ಣು ತುಂಬಿ ಬಂತು.

ಸಾಹೇಬ ಆ ಉಬ್ಬಿನ ಸುತ್ತ ಒಂದು ಸುತ್ತು ಹಾಕಿದ. ಆಮೇಲೆ ಮೊಣಕಾಲೂರಿ ಕೂತು, ಜೇಬಿನಿಂದ ರಬ್ಬರು ತೆಗೆದು ನಕ್ಷೆಯ ಗೆರೆ ಅಳಿಸಿದ. ಪೆನ್ಸಿಲು ಹಿಡಿದು ನಮ್ಮ ಉಬ್ಬು ಇದ್ದಲ್ಲಿಗೇ ಹೊಸ ಗೆರೆ ಎಳೆದ.

ನಮಗ್ಯಾರಿಗೂ ಏನೆಂದು ತಿಳಿಯಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅತ್ತೆಗೆ ಮೊದಲು ತಿಳಿಯಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಬುಟ್ಟಿ ಎತ್ತಿ ನನ್ನ ತಲೆಯ ಮೇಲಿಟ್ಟಳು.

"ನಡಿ, ನಡಿ. ಇನ್ನೂ ಹದಿನೇಳ ಕುಣಿ ಅವ."