ಎರಡು ಗಟ್ಟಿಯಾದ ಮನೆದೇವರು

ಬೀಚನಹಳ್ಳಿಯಲ್ಲಿ ಕಬಿನಿಗೆ ಕಟ್ಟೆ ಏಳುತ್ತಿದ್ದ ವರ್ಷಗಳಲ್ಲಿ ನಾನು ಹೆಗ್ಗಡದೇವನಕೋಟೆಯ ನಮ್ಮ ಮನೆಯ ಪಡಸಾಲೆಯಲ್ಲೇ ಅಕ್ಕಸಾಲೆ ಕೆಲಸ ಮಾಡುತ್ತಿದ್ದೆ. ಮುಳುಗಲಿದ್ದ ಊರುಗಳ ಜನ ಹಳೆಯ ಕಡಗ, ಉಡಿದಾರಗಳನ್ನು ತಂದು ಕರಗಿಸಿಕೊಂಡು ಹೋಗುತ್ತಿದ್ದರು. ಗಟ್ಟಿ ಹೊಯ್ದರೆ ಸಾಗಿಸುವುದು ಸುಲಭ, ಪಾಲು ಮಾಡುವುದೂ ಸುಲಭ.

ಒಂದು ಬೆಳಿಗ್ಗೆ ಹೊಳೆದಂಡೆಯ ಹಳ್ಳಿಯಿಂದ ಒಬ್ಬ ಮುದುಕಿ ತನ್ನ ಇಬ್ಬರು ಗಂಡುಮಕ್ಕಳೊಂದಿಗೆ ಬಂದಳು. ಹಿರಿಯನ ತುಟಿ ಒಡೆದಿತ್ತು, ಕಿರಿಯನ ಅಂಗಿಯ ತೋಳು ಹರಿದಿತ್ತು. ಮುದುಕಿ ಮಡಿಲಿನ ಗಂಟು ಬಿಚ್ಚಿದಳು. ಒಳಗಿದ್ದದ್ದು ದೇವಿಯ ಬೆಳ್ಳಿ ಮುಖವಾಡ.

"ಕರಗ್ಸಪ್ಪ. ಎಲ್ಡು ಗಟ್ಟಿ ಮಾಡ್ಕೊಡು."

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡೆ. "ಇದು ಮನೆದೇವ್ರಲ್ವೇನವ್ವ?"

"ಊಂ. ನಮ್ಮತ್ತೆ ಕಾಲ್ದಿಂದ ಪೂಜೆ ಮಾಡ್ಕಂಡು ಬಂದಿವ್ನಿ. ದೊಡ್ಡೋನು ಸರ್ಕಾರ ಕೊಟ್ಟಿರೋ ಜಮೀನಿಗೆ ಓಯ್ತಾನೆ, ಚಿಕ್ಕೋನು ಉಣಸೂರು ಕಡೆ ಎಂಡ್ತಿ ಊರ್ಗೆ. ದೇವ್ರು ನಂಗೇ ಬೇಕು ಅಂತ ನೆನ್ನೆ ಒಡ್ದಾಡ್ಕಂಡವ್ರೆ."

ದೇವರನ್ನೇ ಕರಗಿಸುವ ಸಂಗತಿ ಮಕ್ಕಳಿಗೂ ಗೊತ್ತಿರಲಿಲ್ಲ. ಅವ್ವ ತನ್ನ ಒಡವೆ ಕರಗಿಸುತ್ತಾಳೆ ಎಂದುಕೊಂಡೇ ಬಂದಿದ್ದರು. ಕಿರಿಯ ಗೋಡೆಗೊರಗಿ ಕುಸಿದು ಕೂತ. "ಬ್ಯಾಡ ಕಣವ್ವ, ಅಣ್ಣನೇ ಇಟ್ಕಳ್ಲಿ."

"ನೀನೇ ತಕ್ಕೊಂಡೋಗ್ಲಾ," ಎಂದ ಹಿರಿಯ. ಅವನ ದನಿ ಸತ್ತುಹೋಗಿತ್ತು.

"ಇವತ್ತು ಅಂಗಂತೀರಿ. ನಾ ಸತ್ಮೇಲೆ ತಿರ್ಗ ಒಡ್ದಾಡ್ತೀರಿ."

ನನ್ನಿಂದ ಆಗುವುದಿಲ್ಲ ಎಂದೆ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಕೆನ್ನೆ ಬಡಿದುಕೊಂಡು ಒಳಗೆ ಹೋದಳು. ಮುದುಕಿ ವಾದ ಮಾಡಲಿಲ್ಲ. ಮುಖವಾಡವನ್ನು ಒಡವೆ ಬಡಿಯುವ ನನ್ನ ಅಡೆಗಲ್ಲಿನ ಮೇಲಿಟ್ಟು, ಪಕ್ಕದಲ್ಲಿದ್ದ ಸುತ್ತಿಗೆ ಎತ್ತಿ ತಾನೇ ಹೊಡೆದಳು. ದೇವಿಯ ಮೂಗು ಒಳಕ್ಕೆ ಹೋಯಿತು. ಭಿನ್ನವಾದ ಮುಖವನ್ನು ಇನ್ನು ಯಾರು ಪೂಜಿಸುತ್ತಾರೆ? ಕರಗಿಸುವುದೊಂದೇ ಉಳಿದಿತ್ತು.

ಕತ್ತರಿಸಿದ ಚೂರುಗಳನ್ನು ಮಣ್ಣಿನ ಮೂಸೆಗೆ ಹಾಕುತ್ತ ಬಂದೆ. ಕಣ್ಣುಗಳಿದ್ದ ತುಂಡು ಹಾಕಲು ಕೈ ಬರಲಿಲ್ಲ. ಅದನ್ನೂ ಆಕೆಯೇ ಹಾಕಿದಳು. ಇದ್ದಲ ಬೆಂಕಿಯಲ್ಲಿ ಬೆಳ್ಳಿ ನೀರಾಯಿತು. ಕಬ್ಬಿಣದ ಅಚ್ಚನ್ನು ಕಾಯಿಸಿ ಹರಳೆಣ್ಣೆ ಸವರಿದೆ. ತಣ್ಣನೆಯ ಅಚ್ಚಿಗೆ ಹೊಯ್ದರೆ ಗಟ್ಟಿಯ ಮೈ ಸುಕ್ಕಾಗುತ್ತದೆ. ಇಕ್ಕಳದಲ್ಲಿ ಮೂಸೆ ಎತ್ತಿ ಅರೆಗಣ್ಣಲ್ಲೇ ಹೊಯ್ದೆ. ಆದರೂ ನಾನು ಅದುವರೆಗೆ ಹೊಯ್ದ ಗಟ್ಟಿಗಳಲ್ಲೆಲ್ಲ ಅವೆರಡೇ ಎಲ್ಲಕ್ಕಿಂತ ನುಣುಪಾಗಿ ಬಂದವು. ಅದು ನನ್ನನ್ನು ಇನ್ನಷ್ಟು ಹೆದರಿಸಿತು.

ಆರಿದ ಮೇಲೆ ಮುದುಕಿ ಮಕ್ಕಳ ಕೈಗೆ ಒಂದೊಂದು ಕೊಟ್ಟಳು. "ಇನ್ಮೇಲೆ ಇವೇ ದೇವ್ರು. ಮಾರ್ಕಂಡ್ರೆ ನಿಮ್ಮಿಷ್ಟ."

ಮೂವರೂ ಬಸ್ಸಿನ ಕಡೆ ನಡೆದರು. ಆ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ನನ್ನ ಹೆಂಡತಿ ಬಹಳ ದಿನ ಪಡಸಾಲೆಯ ಆ ಮೂಲೆಗೆ ಕಾಲಿಡಲಿಲ್ಲ.

ಕೆಲವು ವರ್ಷಗಳ ನಂತರ ಹುಣಸೂರಿನ ಬಳಿ ಒಂದು ಮದುವೆಗೆ ಹೋಗಿದ್ದಾಗ ಆ ಮುದುಕಿಯ ಕಿರಿಯ ಮಗ ಗುರುತು ಹಿಡಿದು ಮನೆಗೆ ಕರೆದೊಯ್ದ. ಅವ್ವ ತೀರಿಕೊಂಡಿದ್ದಳು. ಗೂಡಿನಲ್ಲಿ ಚೆಂಡುಹೂವಿನ ನಡುವೆ ಆ ಗಟ್ಟಿ ನಿಂತಿತ್ತು. ಅಣ್ಣನ ಮನೆಯಲ್ಲೂ ಹಾಗೇ ಇದೆ, ಹಬ್ಬಕ್ಕೆ ಅಲ್ಲಿಗೆ ಹೋಗಿ ಬರುತ್ತೇವೆ ಎಂದ.

"ಕೈ ಮುಗೀರಿ," ಎಂದ. ಮುಗಿದೆ. ತಲೆ ಎತ್ತಿ ನೋಡಲು ಮಾತ್ರ ನನ್ನಿಂದಾಗಲಿಲ್ಲ.